ಕಿತ್ತುಹೋದ ಪ್ಯಾಡಿಗೂ ಒಂದು ದಾರಿಯಿದೆ

ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಆ ಬಿಳುಪು ಇರುವುದು ಮೂರು ನಾಲ್ಕು ದಿನ. ಈಚಿನ ವರ್ಷಗಳಲ್ಲಿ ಆ ದಿನಗಳಂದು ತೋಟದ ಮೇಲೆ ಜೇನಿನ ಝೇಂಕಾರದ ಜೊತೆ ಇನ್ನೊಂದು ಸದ್ದೂ ಕೇಳುತ್ತದೆ. ಕಾಲೇಜಿನ ಹುಡುಗರು, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವವರು, ತೋಟದ ಕಿರಿಯ ತಲೆಮಾರಿನವರು ಹವ್ಯಾಸಕ್ಕೆಂದು ಡ್ರೋನ್ ಹಾರಿಸುತ್ತಾರೆ. ಗುಡ್ಡದ ಗಾಳಿ ಹೇಳಿ ಕೇಳಿ ಬರುವುದಲ್ಲ. ಸಿಲ್ವರ್ ಓಕ್ ಮರದ ತುದಿಗೆ ತಗುಲಿದ ಡ್ರೋನ್ ಕೊಂಬೆಯಿಂದ ಕೊಂಬೆಗೆ ಬಡಿದುಕೊಂಡು ಗಿಡದ ಬುಡಕ್ಕೆ ಬೀಳುತ್ತದೆ. ರೆಕ್ಕೆ ಮುರಿದರೆ ಐದು ನಿಮಿಷದ ಕೆಲಸ. ಹಾರಾಟವನ್ನು ನಿಜವಾಗಿ ನಿಲ್ಲಿಸಿಬಿಡುವುದು ಸುಲಭಕ್ಕೆ ಕಣ್ಣಿಗೆ ಬೀಳದ ಪೆಟ್ಟು. ಬ್ಯಾಟರಿಯ ತಂತಿ ಬೋರ್ಡಿಗೆ ಸೇರುವಲ್ಲಿ ಬಿಟ್ಟುಕೊಂಡ ಬೆಸುಗೆ, ಓರೆಯಾದ ಯುಎಸ್‌ಬಿ ಕನೆಕ್ಟರ್, ತಂತಿಯ ಜೊತೆಗೇ ಎದ್ದುಬಂದ ತಾಮ್ರದ ಪ್ಯಾಡ್. ಅಷ್ಟು ಚಿಕ್ಕ ಜಾಗ ಕೆಟ್ಟಿತೆಂದು ಇಡೀ ಬೋರ್ಡು ಅಟ್ಟ ಸೇರುತ್ತದೆ. ಹಾಗೆ ಅಟ್ಟ ಸೇರಿದವುಗಳಲ್ಲಿ ಅನೇಕವನ್ನು ಉಳಿಸಿಕೊಳ್ಳಬಹುದು. ಉಳಿಸುವ ವಿದ್ಯೆಯನ್ನು ಈ ಗುಡ್ಡಗಳಲ್ಲೇ ಕಲಿಯಬಹುದು, ಕಲಿಸಬಹುದು.

ಮೊದಲು ಪ್ಯಾಡ್ ಎಂದರೆ ಏನೆಂದು ನೋಡೋಣ. ಡ್ರೋನಿನ ಮಿದುಳಾದ ಫ್ಲೈಟ್ ಕಂಟ್ರೋಲರ್ ಬೆಂಕಿಪೊಟ್ಟಣದಷ್ಟಿರುವ ಒಂದು ಹಲಗೆ. ಗಾಜಿನ ನಾರು ಮತ್ತು ಎಪಾಕ್ಸಿ ಅಂಟು ಸೇರಿಸಿ ಮಾಡಿದ ಆ ಹಲಗೆಯ ಮೇಲೆ ತಾಮ್ರದ ಹಾಳೆಯನ್ನು ಅಂಟಿಸಿ, ಬೇಕಾದ ಗೆರೆಗಳನ್ನು ಉಳಿಸಿ ಮಿಕ್ಕಿದ್ದನ್ನು ಕರಗಿಸಿ ತೆಗೆದಿರುತ್ತಾರೆ. ಆ ಹಾಳೆಯ ದಪ್ಪ ಸಾಮಾನ್ಯವಾಗಿ 35 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪದ ಅರ್ಧದಷ್ಟು. ತಂತಿಯನ್ನು ಬೆಸೆಯುವುದಕ್ಕೆಂದು ಮುಚ್ಚದೆ ಬಿಟ್ಟ ತಾಮ್ರದ ತುಣುಕೇ ಪ್ಯಾಡ್. ಅದನ್ನು ಹಲಗೆಗೆ ಹಿಡಿದಿಟ್ಟಿರುವುದು ಅಂಟು ಮಾತ್ರ. ತಂತಿಯನ್ನು ಜಗ್ಗಿದರೆ ಅಂಟು ಬಿಡುತ್ತದೆ, ಅತಿಯಾಗಿ ಕಾಯಿಸಿದರೂ ಬಿಡುತ್ತದೆ. ಬಿದ್ದ ಪೆಟ್ಟಿಗಿಂತ ಆಮೇಲೆ ಆತುರದಲ್ಲಿ ಮಾಡಿದ ರಿಪೇರಿಯಿಂದ ಎದ್ದುಹೋದ ಪ್ಯಾಡುಗಳೂ ಕಡಿಮೆಯೇನಲ್ಲ. ಈ ಕೆಲಸಕ್ಕೆ ಕೈ ಹಾಕುವವರು ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಇದು.

ನಮ್ಮ ಸೀಮೆಗೆ ಇದರ ಜೊತೆ ಇನ್ನೆರಡು ಕಷ್ಟಗಳಿವೆ. ಒಂದು ತೇವ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಹಾರ, ಕಳಸ, ಸಂಸೆಯ ಕಡೆ ಒಗೆದ ಬಟ್ಟೆ ಒಣಗುವುದಿಲ್ಲ. ಗೋಡೆಗೆ ಪಾಚಿ, ಪುಸ್ತಕಕ್ಕೆ ಬೂಷ್ಟು, ತಾಮ್ರಕ್ಕೆ ಕಿಲುಬು. ಕನೆಕ್ಟರಿನ ಕಾಲುಗಳೂ ಈ ಕಿಲುಬಿನಿಂದ ತಪ್ಪಿಸಿಕೊಳ್ಳಲಾರವು. ಅಡಿಕೆ ತೋಟದಲ್ಲಿ ಔಷಧಿ ಹೊಡೆಯಲು ಬಳಸುವ ಡ್ರೋನ್ ಆದರೆ ತೊಂದರೆ ಇನ್ನೂ ಹೆಚ್ಚು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಕೊಳೆರೋಗವನ್ನು ತಡೆಯುತ್ತದೆ. ಅದೇ ದ್ರಾವಣ ಕನೆಕ್ಟರಿನ ಸಂದಿಗೆ ಇಳಿದು ಒಣಗಿದರೆ ಅಲ್ಲಿ ಉಪ್ಪು ಕಟ್ಟುತ್ತದೆ, ಮುಂದಿನ ತೇವಕ್ಕೆ ಆ ಉಪ್ಪು ನೀರೂರಿ ಕರೆಂಟು ಹಾಯಬಾರದ ಕಡೆ ಹಾಯುತ್ತದೆ, ಲೋಹ ತಿಂದುಹೋಗುತ್ತದೆ.

ಎರಡನೆಯದು ದೂರ. ಬಿಡಿಭಾಗ ಬೇಕೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕು, ಇಲ್ಲವೇ ಕೊರಿಯರ್ ಬರುವ ದಿನಕ್ಕೆ ಕಾಯಬೇಕು. ಅಷ್ಟರಲ್ಲಿ ಹೂವು ಉದುರಿರುತ್ತದೆ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿತು. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಕೆಲಸಕ್ಕೆ ಮಾತ್ರ ವಿನಾಯಿತಿ ಇಟ್ಟಿತು. ಬಿಡಿಭಾಗಗಳಿಗೆ ಆ ನಿಷೇಧ ಅನ್ವಯಿಸಲಿಲ್ಲ. ಹಾಗಾಗಿ ಹವ್ಯಾಸಿಗಳಲ್ಲಿ ಅನೇಕರು ಮೋಟರು, ಬೋರ್ಡು, ಕ್ಯಾಮೆರಾಗಳನ್ನು ಬೇರೆ ಬೇರೆಯಾಗಿ ತರಿಸಿ ತಾವೇ ಜೋಡಿಸಿಕೊಳ್ಳುತ್ತಾರೆ. ಅಂಥ ಡ್ರೋನಿನಲ್ಲಿ ಬೆಸುಗೆ ಹಾಕಿದ ಕೈ ನಮ್ಮದೇ. ಕೆಟ್ಟಾಗ ಸರಿಮಾಡುವ ಹೊಣೆಯೂ ನಮ್ಮದೇ.

ಕೆಲಸದ ಮೊದಲ ನಿಯಮ ಬ್ಯಾಟರಿ ಕಳಚಿಡುವುದು. ಲಿಥಿಯಂ ಪಾಲಿಮರ್ ಬ್ಯಾಟರಿ ಸಿಕ್ಕಿಸಿಟ್ಟುಕೊಂಡು ಯಾರೂ ಬೆಸುಗೆಗೆ ಕೂರಬಾರದು. ಎರಡನೆಯದು ನೋಡುವುದು. ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡಿದರೆ ದೋಷ ಹೆಚ್ಚಾಗಿ ತಾನೇ ಕಾಣಿಸಿಕೊಳ್ಳುತ್ತದೆ. ಬೆಸುಗೆಯ ಸುತ್ತ ಉಂಗುರದಂಥ ಬಿರುಕು, ಹಸಿರು ಕಿಲುಬು, ಮಂಕಾಗಿ ಗುಂಡುಗಟ್ಟಿದ ತವರ. ಆಮೇಲೆ ಮಲ್ಟಿಮೀಟರಿನ ಬೀಪ್ ಇಟ್ಟುಕೊಂಡು ಎಲ್ಲಿಂದ ಎಲ್ಲಿಗೆ ದಾರಿ ಇದೆ, ಎಲ್ಲಿ ಕಡಿದಿದೆ ಎಂದು ಪತ್ತೆ ಮಾಡಬೇಕು. ಪ್ಲಸ್ಸು ಮೈನಸ್ಸು ಒಂದಕ್ಕೊಂದು ಕೂಡಿಕೊಂಡಿವೆಯೇ ಎಂಬುದನ್ನೂ ಆಗಲೇ ನೋಡಿಬಿಡಬೇಕು. ಇಷ್ಟನ್ನು ಮಾಡದೆ ಕಾದ ಬೆಸುಗೆ ಐರನ್ ಹಿಡಿಯುವವರು ಒಂದು ದೋಷವನ್ನು ಮೂರು ಮಾಡುತ್ತಾರೆ.

ಮೂರನೆಯದು ಶುದ್ಧಿ. ಹಿಂದೆ ಊರೂರಿಗೆ ಕಲಾಯಿಯವರು ಬರುತ್ತಿದ್ದರು. ತಾಮ್ರ, ಹಿತ್ತಾಳೆಯ ಪಾತ್ರೆಯನ್ನು ಮೊದಲು ತಿಕ್ಕಿ ಬೆಳಗಿಸಿ, ತಿದಿಯೂದಿದ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಸವರಿ ಅರಳೆಯಿಂದ ಒಂದೇ ಬೀಸಿಗೆ ಉಜ್ಜುತ್ತಿದ್ದರು. ಕೊಳೆ ಉಳಿದ ಕಡೆ ತವರ ಹಿಡಿಯುತ್ತಿರಲಿಲ್ಲ. ಡ್ರೋನಿನ ಪ್ಯಾಡಿನ ಮೇಲೆ ನಡೆಯುವುದೂ ಅದೇ ರಸಾಯನ. ಗಾಳಿಗೆ ತೆರೆದ ತಾಮ್ರದ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ, ಫ್ಲಕ್ಸ್ ಆ ಪೊರೆಯನ್ನು ಬಿಡಿಸುತ್ತದೆ, ಬಿಡಿಸಿಕೊಂಡ ಲೋಹದ ಮೇಲೆ ತವರ ನೀರಿನಂತೆ ಹರಡುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ನವಸಾಗರ, ಆಮ್ಲದ ಪೇಸ್ಟು ಪಾತ್ರೆಗೆ, ನೀರಿನ ಪೈಪಿಗೆ ಸರಿ. ಬೋರ್ಡಿಗೆ ಅವು ವಿಷ, ಉಳಿದ ಕಣ ವರ್ಷಗಟ್ಟಲೆ ತಾಮ್ರವನ್ನು ತಿನ್ನುತ್ತದೆ. ಇಲ್ಲಿಗೆ ಬೇಕಾದದ್ದು ಮರದ ರಾಳದಿಂದ ಮಾಡಿದ ರೋಸಿನ್ ಫ್ಲಕ್ಸ್. ಕೆಲಸ ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನೂ ತೊಳೆದುಬಿಡಬೇಕು.

ನಾಲ್ಕನೆಯದು ಶಾಖ. 63 ಪಾಲು ತವರಕ್ಕೆ 37 ಪಾಲು ಸೀಸ ಬೆರೆತ ಹಳೆಯ ಬೆಸುಗೆ ಲೋಹ, ಅಂದರೆ 63/37 ಸೋಲ್ಡರ್, ಕರಗುವುದು 183 ಡಿಗ್ರಿ ಸೆಲ್ಸಿಯಸ್‌ಗೆ. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಕಾರ್ಖಾನೆಗಳು ಸೀಸವಿಲ್ಲದ ಸೋಲ್ಡರಿಗೆ ಹೊರಳಿದವು. ಅದು ಕರಗಲು 217 ಡಿಗ್ರಿ ದಾಟಬೇಕು. ಕಾರ್ಖಾನೆ ಕೂರಿಸಿದ ಕನೆಕ್ಟರನ್ನು ಬಿಡಿಸುವಾಗ ಅದರ ಕಾಲುಗಳಿಗೆ ಸ್ವಲ್ಪ ಸೀಸದ ಸೋಲ್ಡರ್ ಬೆರೆಸಿದರೆ ಮಿಶ್ರಣ ಬೇಗ ಕರಗುತ್ತದೆ, ಪ್ಯಾಡ್ ಉಳಿಯುತ್ತದೆ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು. ಹೊಗೆ ಮುಖಕ್ಕೆ ಬರದಂತೆ ಕಿಟಕಿ ತೆರೆದಿಟ್ಟು, ಸಣ್ಣ ಮಕ್ಕಳನ್ನು ದೂರ ಕೂರಿಸಿ ಕೆಲಸ ಮಾಡಬೇಕು.

ಹೊಸಬರು ಎಡವುವುದು ಬ್ಯಾಟರಿಯ ಮೈನಸ್ ಪ್ಯಾಡಿನಲ್ಲಿ. ಆ ಪ್ಯಾಡು ಹಲಗೆಯೊಳಗಿನ ಅಗಲವಾದ ತಾಮ್ರದ ಪದರಕ್ಕೆ ಕೂಡಿಕೊಂಡಿರುವುದರಿಂದ ಕೊಟ್ಟ ಶಾಖವನ್ನೆಲ್ಲ ಆ ಪದರ ಹೀರಿಬಿಡುತ್ತದೆ. ಸೂಜಿಮೊನೆಯ ಐರನ್ನನ್ನು ಅಂಜುತ್ತ ಅಂಜುತ್ತ ಅರ್ಧ ನಿಮಿಷ ಒತ್ತಿ ಹಿಡಿದರೆ ಸೋಲ್ಡರ್ ಕರಗುವ ಮೊದಲೇ ಪ್ಯಾಡಿನ ಅಂಟು ಸಡಿಲವಾಗುತ್ತದೆ. ಅಗಲ ಮೊನೆಯ, ಸಾಕಷ್ಟು ವ್ಯಾಟಿನ ಐರನ್ ಹಿಡಿದು, ತುದಿಗೆ ಹೊಸ ತವರ ಹಚ್ಚಿ, ಗಟ್ಟಿಮನಸ್ಸಿನಿಂದ ಎರಡು ಮೂರು ಸೆಕೆಂಡಿನಲ್ಲಿ ಮುಗಿಸಿದರೆ ಅದೇ ಪ್ಯಾಡು ಕ್ಷೇಮ. ಅರೆಮನಸ್ಸಿನ ಶಾಖ ಇಲ್ಲಿ ಪೂರ್ಣ ಶಾಖಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಎಕ್ಸ್‌ಟಿ60 ಎಂಬ ಬ್ಯಾಟರಿ ಕನೆಕ್ಟರಿಗೆ ತಂತಿ ಬೆಸೆಯುವಾಗ ಅದರ ಜೋಡಿಯನ್ನು ಸಿಕ್ಕಿಸಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಮೆತ್ತಗಾದರೂ ಕಾಲುಗಳು ಆಗ ಓರೆಯಾಗುವುದಿಲ್ಲ.

ಈ ಜೋಡಣೆ ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ ಸಾಕು. ಐದಿಂಚಿನ ರೆಕ್ಕೆಯ ರೇಸಿಂಗ್ ಡ್ರೋನ್ ಪೂರ್ತಿ ವೇಗದಲ್ಲಿ 100 ಆಂಪಿಯರ್ ಎಳೆಯಬಲ್ಲದು. ಬ್ಯಾಟರಿಯ ಬೆಸುಗೆಯಲ್ಲಿ ಒಂದು ಓಮಿನ ನೂರನೇ ಒಂದು ಪಾಲು ತಡೆ ಉಳಿದರೂ ಅಲ್ಲಿ 1 ವೋಲ್ಟ್ ಸೋರಿಹೋಗುತ್ತದೆ, 100 ವ್ಯಾಟ್ ಶಾಖ ಹುಟ್ಟುತ್ತದೆ. ಕಾಳಿನಷ್ಟು ತವರದ ಮೇಲೆ ನೂರು ವ್ಯಾಟ್! ಬೆಸುಗೆ ಕ್ಷಣದಲ್ಲಿ ಕರಗುತ್ತದೆ, ಡ್ರೋನ್ ಕಲ್ಲಿನಂತೆ ಬೀಳುತ್ತದೆ. ನೆಲದ ಮೇಲೆ ಕಾಣದ ದೋಷ ಆಕಾಶದಲ್ಲಿ ಹೊರಬೀಳುವುದು ಹೀಗೆ.

ಇನ್ನು ಎದ್ದೇಹೋದ ಪ್ಯಾಡಿನ ಮಾತು. ಪ್ಯಾಡು ಕಿತ್ತುಬಂತೆಂದರೆ ಬೋರ್ಡು ಸತ್ತಿತು ಎಂದು ಕೈಚೆಲ್ಲುವವರೇ ಬಹಳ. ಪ್ಯಾಡು ದಾರಿಯ ಕೊನೆಯ ನಿಲ್ದಾಣವಷ್ಟೇ. ದಾರಿ ಬೋರ್ಡಿನ ಮೇಲೆ ಇನ್ನೂ ಇರುತ್ತದೆ. ಅಲ್ಲಿಂದ ಹೊರಟ ಗೆರೆಯನ್ನು ಕಣ್ಣಲ್ಲೇ ಹಿಡಿದು ಹೋಗಿ, ಅದರ ಮೇಲಿನ ಬಣ್ಣದ ಪೊರೆಯನ್ನು ಚಾಕುವಿನ ತುದಿಯಿಂದ ಒಂದೆರಡು ಮಿಲಿಮೀಟರ್ ಹಗುರಾಗಿ ಕೆರೆದರೆ ಹೊಳೆಯುವ ತಾಮ್ರ ಸಿಗುತ್ತದೆ. ಅದಕ್ಕೆ ತವರ ಹಚ್ಚಿ, ಹಳೆಯ ರಿಲೇಯಿಂದ ಬಿಚ್ಚಿದ ಎನಾಮಲ್ ಲೇಪದ ಕೂದಲೆಳೆಯಂಥ ತಂತಿಯನ್ನು ಬೆಸೆದರೆ ಹೊಸ ದಾರಿಯಾಯಿತು. ಗೆರೆ ಸಿಗದಿದ್ದರೆ ಅದೇ ಗೆರೆ ಮುಟ್ಟುವ ರೆಸಿಸ್ಟರಿನ ಅಥವಾ ಕೆಪಾಸಿಟರಿನ ಕಾಲು ಇರುತ್ತದೆ, ಪದರದಿಂದ ಪದರಕ್ಕೆ ಇಳಿಯುವ ವಯಾ ರಂಧ್ರ ಇರುತ್ತದೆ. ಬೆಸೆದ ಮೇಲೆ ಅದರ ಮೇಲೊಂದು ಹನಿ ಯುವಿ ಅಂಟು ಹಾಕಿ ಬೆಳಕು ಹಾಯಿಸಿದರೆ ಗಟ್ಟಿಯಾಗುತ್ತದೆ. ತಂತಿಯನ್ನು ಬೋರ್ಡಿಗೋ ಚೌಕಟ್ಟಿಗೋ ಕಟ್ಟಿ, ಜಗ್ಗಿದ ಭಾರ ಬೆಸುಗೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಇಷ್ಟು ಮಾಡಿದರೆ ಆ ಜಾಗ ಮೊದಲಿಗಿಂತ ಗಟ್ಟಿಯಾಗಿ ನಿಲ್ಲಬಲ್ಲದು.

ಎಲ್ಲ ಸಲವೂ ತಂತಿ ಎಳೆಯಬೇಕಾಗಿಯೂ ಇಲ್ಲ. ಜಿಪಿಎಸ್‌ಗೋ ರಿಸೀವರಿಗೋ ಮೀಸಲಾದ ಯುಎಆರ್‌ಟಿ ಎಂಬ ಮಾಹಿತಿ ಸಾಗಿಸುವ ಪ್ಯಾಡು ಹೋಗಿದ್ದರೆ ಅದೇ ಬೋರ್ಡಿನಲ್ಲಿ ಖಾಲಿ ಕೂತ ಇನ್ನೊಂದು ಯುಎಆರ್‌ಟಿ ಹೆಚ್ಚಾಗಿ ಇರುತ್ತದೆ. ತಂತಿಯನ್ನು ಅಲ್ಲಿಗೆ ಬೆಸೆದು, ಬೋರ್ಡನ್ನು ನಡೆಸುವ ಬೀಟಾಫ್ಲೈಟ್ ತಂತ್ರಾಂಶದ ಪೋರ್ಟ್ಸ್ ಪುಟದಲ್ಲಿ ಆ ಕೆಲಸವನ್ನು ಹೊಸ ಪ್ಯಾಡಿಗೆ ವಹಿಸಿದರೆ ಮುಗಿಯಿತು. ಮೋಟರಿನ ಸಂಕೇತದ ಪ್ಯಾಡನ್ನು ಕೂಡ ಅನೇಕ ಬೋರ್ಡುಗಳಲ್ಲಿ ರಿಸೋರ್ಸ್ ಎಂಬ ಆಜ್ಞೆಯಿಂದ ಬೇರೆ ಕಾಲಿಗೆ ಸಾಗಿಸಬಹುದು. ಆ ತಂತ್ರಾಂಶ ಮುಕ್ತ, ಉಚಿತ, ಅದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ. ಯಂತ್ರದ ಒಳಗನ್ನು ಮುಚ್ಚಿಡದ ಜನರಿಂದ ಎಷ್ಟು ಉಪಕಾರವಾಗುತ್ತದೆ ಎಂಬುದು ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಕನೆಕ್ಟರುಗಳ ರಚನೆಯಿಂದಲೂ ಕಲಿಯುವುದಿದೆ. ಯುಎಸ್‌ಬಿ ಕನೆಕ್ಟರಿನ ಸಣ್ಣ ಕಾಲುಗಳು ಕರೆಂಟು ಮತ್ತು ಮಾಹಿತಿ ಸಾಗಿಸಲು ಇವೆ, ಎಳೆತ ತಡೆಯಲು ಅಲ್ಲ. ಎಳೆತ ತಡೆಯುವ ಕೆಲಸ ಅದರ ಲೋಹದ ಕವಚದ ದಪ್ಪ ಕಾಲುಗಳದ್ದು. ಹೊಸ ಕನೆಕ್ಟರ್ ಹಾಕುವಾಗ ಆ ಕವಚದ ಕಾಲುಗಳಿಗೆ ತುಂಬು ಬೆಸುಗೆ ಹಾಕದೆ ಬಿಟ್ಟರೆ ಮುಂದಿನ ಬಾರಿ ಕೇಬಲ್ ಸಿಕ್ಕಿಸಿದಾಗ ಸಣ್ಣ ಪ್ಯಾಡುಗಳು ಸಾಲಾಗಿ ಕಿತ್ತುಬರುತ್ತವೆ. ಆಂಟೆನಾ ಸಿಕ್ಕಿಸುವ ಯು.ಎಫ್‌ಎಲ್ ಎಂಬ ಪುಟ್ಟ ಗುಂಡಿಗೆ ತಯಾರಕರು ಖಾತ್ರಿ ಕೊಡುವುದು ಸುಮಾರು 30 ಬಾರಿಯ ಜೋಡಣೆಗೆ ಮಾತ್ರ. ಸುಮ್ಮನೆ ಬಿಚ್ಚಿ ಹಾಕಿ ಮಾಡುವವರು ಅದರ ಆಯುಸ್ಸನ್ನು ತಾವೇ ಕಳೆಯುತ್ತಾರೆ. ತಂತಿ ಹಿಡಿದು ಎಳೆಯದೆ, ಕನೆಕ್ಟರಿನ ಮೈ ಹಿಡಿದು ಬಿಡಿಸುವ ಅಭ್ಯಾಸವೊಂದೇ ಎಷ್ಟೋ ರಿಪೇರಿಗಳನ್ನು ತಪ್ಪಿಸುತ್ತದೆ.

ರಿಪೇರಿ ಮುಗಿಯಿತೆಂದು ನೇರವಾಗಿ ಹಾರಿಸಬಾರದು. ರೆಕ್ಕೆಗಳನ್ನು ಕಳಚಿಟ್ಟು, ಬ್ಯಾಟರಿಯ ಒಂದು ತಂತಿಯ ದಾರಿಯಲ್ಲಿ ಹಳೆಯ ಬೈಕಿನ 12 ವೋಲ್ಟ್, 21 ವ್ಯಾಟ್ ಬಲ್ಬು ಕೂಡಿಸಿ ಮೂರು ಸೆಲ್ಲಿನ ಬ್ಯಾಟರಿ ಕೊಡಬೇಕು. ಬಲ್ಬು ಒಮ್ಮೆ ಮಿನುಗಿ ಆರಿದರೆ ಶಾರ್ಟ್ ಇಲ್ಲ. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಬಲ್ಬು ಬೋರ್ಡನ್ನು ಉಳಿಸಿದೆ ಎಂದು ತಿಳಿಯಬೇಕು. ಆಮೇಲೆ ಖಾಲಿ ಕಣದಲ್ಲಿ, ಜನರಿಲ್ಲದ ಹೊತ್ತಿನಲ್ಲಿ, ಮೊಣಕಾಲೆತ್ತರದ ಹಾರಾಟ. ಇಳಿಸಿ, ಬ್ಯಾಟರಿ ಕಳಚಿ, ಬೆಸುಗೆ ಬಿಸಿಯಾಗಿದೆಯೇ ಎಂದು ನೋಡುವುದು. ತೋಟದಲ್ಲಿ ಗಿಡದ ಮರೆಯಲ್ಲಿ ಹಣ್ಣು ಕೊಯ್ಯುವವರು, ಕಪಾತು ಮಾಡುವವರು ಇರುತ್ತಾರೆ, ಮೇಲಿನಿಂದ ಅವರು ಕಾಣುವುದಿಲ್ಲ. ಅವರ ತಲೆಯ ಮೇಲೆ ಹಾರುವ ವಸ್ತುವಿನಲ್ಲಿ ಅಂದಾಜಿನ ಬೆಸುಗೆ ಇರಕೂಡದು. ಎಲ್ಲವನ್ನೂ ಉಳಿಸುತ್ತೇನೆಂಬ ಹಟವೂ ಸಲ್ಲದು. ಊದಿಕೊಂಡ ಬ್ಯಾಟರಿ, ಒಳಪದರದವರೆಗೆ ಸುಟ್ಟು ಕರಿಯಾದ ಹಲಗೆ ಇವೆರಡಕ್ಕೆ ರಿಪೇರಿ ಇಲ್ಲ.

ಹಾರಿಸುವುದಕ್ಕೂ ಕಟ್ಟಳೆಗಳಿವೆ. 2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನವು ನ್ಯಾನೊ, ಅಲ್ಲಿಂದ 2 ಕಿಲೋವರೆಗಿನವು ಮೈಕ್ರೊ. ಹಸಿರು, ಹಳದಿ, ಕೆಂಪು ಎಂದು ಆಕಾಶವನ್ನು ವಿಂಗಡಿಸಲಾಗಿದೆ. ಕಳಸದ ಮಗ್ಗುಲಲ್ಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಅನುಮತಿಯಿಲ್ಲದೆ ಹಾರಿಸುವುದು ತಪ್ಪು. ಕಾಡಿನ ಪ್ರಾಣಿಗಳನ್ನೂ, ಲೈನ್ ಮನೆಗಳಲ್ಲಿ ಇರುವವರ ಅಂಗಳವನ್ನೂ ಗೌರವಿಸಲು ಬಾರದವರಿಗೆ ಬೆಸುಗೆ ಎಷ್ಟು ಚೆನ್ನಾಗಿ ಬಂದರೂ ಪ್ರಯೋಜನವಿಲ್ಲ.

ಈ ವಿದ್ಯೆ ಗುಡ್ಡದ ಜನರಿಗೆ ಒಗ್ಗೀತೇ ಎಂದು ಕೇಳುವವರಿಗೆ ಇಲ್ಲಿಯದೇ ಒಂದು ಉತ್ತರವಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, 1910ರ ಹೊತ್ತಿಗೆ ಅದರ ವಿವರ ಪ್ರಕಟಿಸಿ, ಗೊನೆಗಳಿಗೆ ಬೋರ್ಡೊ ದ್ರಾವಣ ಸಿಂಪಡಿಸುವ ದಾರಿ ತೋರಿಸಿದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಂದು ಪ್ರಯೋಗಶಾಲೆಯ ವಿದ್ಯೆಯಾಗಿದ್ದ ಮೈಲುತುತ್ತ, ಸುಣ್ಣದ ಹದ ಇಂದು ಅಡಿಕೆ ಮರ ಹತ್ತುವ ಕೊನೆಗಾರರ ಕೈಯಲ್ಲಿದೆ. ಯಾರೂ ಅದನ್ನು ಅನ್ಯ ವಿದ್ಯೆ ಎನ್ನುವುದಿಲ್ಲ. ತೋಟಕ್ಕೆ ಬಂದು ತೋರಿಸಿ ಕಲಿಸಿದ್ದರಿಂದ ಅದು ನಮ್ಮದಾಯಿತು. ಮೂಡಿಗೆರೆಯಲ್ಲೇ ಬದುಕಿದ ಪೂರ್ಣಚಂದ್ರ ತೇಜಸ್ವಿಯವರೂ ಬರವಣಿಗೆ, ಕೃಷಿ, ಛಾಯಾಗ್ರಹಣ, ಕನ್ನಡ ತಂತ್ರಾಂಶ, ಸ್ಕೂಟರಿನ ರಿಪೇರಿ ಎಲ್ಲವನ್ನೂ ಒಂದೇ ಕುತೂಹಲದಿಂದ ಮುಟ್ಟಿದವರು. ಕೈಕೆಲಸವನ್ನು ಬುದ್ಧಿಯ ಕೆಲಸಕ್ಕಿಂತ ಕೆಳಗಿಡದ ಆ ಗುಣ ಈ ಊರಿಗೆ ಗೊತ್ತಿಲ್ಲದ್ದಲ್ಲ.

ಕಾನೂನು ಕೂಡ ರಿಪೇರಿಯ ದಿಕ್ಕಿಗೆ ಹೊರಳುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು. ಹೊಸ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಹಕ್ಕು ಕಾಗದದ ಮೇಲಿದ್ದು, ಐರನ್ ಹಿಡಿಯಬಲ್ಲ ಕೈ ಊರಿನಲ್ಲಿ ಇಲ್ಲದಿದ್ದರೆ ಕೆಟ್ಟ ಬೋರ್ಡು ಅಟ್ಟದಲ್ಲೇ ಉಳಿಯುತ್ತದೆ, ಒಂದು ದಿನ ಗುಜರಿಗೆ ಹೋಗುತ್ತದೆ. ಅದರೊಳಗಿನ ತಾಮ್ರ, ತವರ, ಚಿನ್ನದ ಲೇಪವೆಲ್ಲ ಎಲ್ಲೋ ಗಣಿಯಲ್ಲಿ ಗುಡ್ಡ ಅಗೆದು ತೆಗೆದದ್ದು. ಗುಡ್ಡ ಅಗೆದರೆ ಏನಾಗುತ್ತದೆ ಎಂಬುದನ್ನು ಕುದುರೆಮುಖದ ಕಬ್ಬಿಣದ ಗಣಿಯನ್ನು ಕಂಡ ಭದ್ರಾ ಕಣಿವೆಯ ಜನರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಚಿಕ್ಕಮಗಳೂರಿನ ಎಂಜಿನಿಯರಿಂಗ್ ಕಾಲೇಜು, ಜಿಲ್ಲೆಯ ಐಟಿಐಗಳು, ಮೂಡಿಗೆರೆಯ ತೋಟಗಾರಿಕೆ ಮಹಾವಿದ್ಯಾಲಯ, ಕಳಸದ ಪ್ರೌಢಶಾಲೆಗಳು ಸೇರಿ ತಿಂಗಳಿಗೊಂದು ದಿನ ರಿಪೇರಿಯ ಮೇಜು ಹಾಕಲಿ ಎಂಬುದು ನನ್ನ ಕೋರಿಕೆ. ಡ್ರೋನಷ್ಟೇ ಬರಬೇಕೆಂದಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್, ಸೋಲಾರ್ ಬೇಲಿಯ ಪೆಟ್ಟಿಗೆ, ತೇವ ಅಳೆಯುವ ಮೀಟರು, ಮಾತು ನಿಲ್ಲಿಸಿದ ರೇಡಿಯೊ ಎಲ್ಲವೂ ಬರಲಿ. ಇವುಗಳಲ್ಲಿ ಬಹಳಷ್ಟು ಕೆಡುವುದೂ ಜೋಡಣೆಯ ಜಾಗದಲ್ಲೇ. ಶಾಖ ಹತೋಟಿಯ ಒಂದು ಐರನ್, ಒಂದು ಮಲ್ಟಿಮೀಟರ್, ಭೂತಗನ್ನಡಿ, ಫ್ಲಕ್ಸ್ ಸೇರಿದರೂ ಒಂದು ಒಳ್ಳೆಯ ಹೊಸ ಫ್ಲೈಟ್ ಕಂಟ್ರೋಲರಿನ ಬೆಲೆಯನ್ನು ಮುಟ್ಟುವುದಿಲ್ಲ.

ಮಗಳೋ ಮಗನೋ ಎರಡನೆಯ ಡ್ರೋನ್ ಕೇಳಿದರೆ, ತಂದೆತಾಯಿಯರೇ, ಮೊದಲು ಒಂದು ಐರನ್ ಮತ್ತು ಒಂದು ಕೆಟ್ಟ ಬೋರ್ಡನ್ನು ಕೊಡಿಸಿ, ಪಕ್ಕದಲ್ಲಿ ಕೂತುಕೊಳ್ಳಿ. ಹತ್ತು ಪ್ಯಾಡು ಕೀಳಲಿ, ಹನ್ನೊಂದನೆಯದನ್ನು ಉಳಿಸಲು ಕಲಿಯುತ್ತಾರೆ. ಕೆಟ್ಟದ್ದನ್ನು ತಾವೇ ಸರಿಮಾಡಬಲ್ಲ ಹತ್ತು ಮಂದಿ ಇರುವ ಊರು ನೂರು ಹೊಸ ಡ್ರೋನ್ ಕೊಂಡ ಊರಿಗಿಂತ ಸಿರಿವಂತ.